ಗೊಡ್ಡೆಂದು ಹೆಸರಿಡುವ ಮುನ್ನ



ಮಲ್ಲತ್ತಹಳ್ಳಿಯ ಕೆರೆಗೆ ಕೂಗಳತೆಯ ದೂರದಲ್ಲಿ, ಮೂರಂತಸ್ತಿನ ಎರಡು ಮನೆಗಳ ನಡುವೆ ತಗಡಿನ ಮಾಡು ಹೊದ್ದು ಹೇಗೋ ಉಳಿದುಕೊಂಡಿರುವ ಒಂದು ಕೊಟ್ಟಿಗೆಯಲ್ಲಿ, ಹೋದ ವರ್ಷಕ್ಕೆ ಹಿಂದಿನ ವರ್ಷ, ಕಾರ್ತಿಕ ಮಾಸ ಮುಗಿಯುತ್ತ ಬಂದಿದ್ದ ಒಂದು ಬೆಳಗ್ಗೆ, ಕಪ್ಪು ಬಿಳುಪಿನ ಒಂದು ಸೀಮೆಹಸು ಗೊಡ್ಡೆಂದು ತೀರ್ಮಾನವಾಗಿ ಮಾರಾಟಕ್ಕೆ ನಿಂತಿತ್ತು. ದಲ್ಲಾಳಿಯು ಅದಾಗಲೇ ಬಂದು, ಹಲ್ಲು ನೋಡಿ, ಬೆನ್ನು ತಟ್ಟಿ, ಬೆಲೆ ಹೇಳಿ ಹೋಗಿದ್ದನು. ಸಂಜೆ ಟೆಂಪೋ ತರುವುದಾಗಿ ಮಾತಾಗಿತ್ತು. ಆ ಮನೆಯ ಹಿರಿಯಾಕೆ ನನ್ನನ್ನು ಕರೆಸಿದುದು ಚಿಕಿತ್ಸೆಗಾಗಿ ಅಲ್ಲ. “ಮಾರೋದು ಮಾರ್ತೀವಿ ಡಾಕ್ಟ್ರೇ, ಆದ್ರೂ ಒಂದ್ ಮಾತು ಕೇಳ್ಬಿಡಾಣ ಅಂತ. ಮೂರು ಕರ ಕೊಟ್ಟ ಹಸು, ಪಾಪ ಸುತ್ಕೋಬಾರ್ದು ನೋಡಿ” ಎಂದರು.

ನಿವೃತ್ತನಾದ ಪಶುವೈದ್ಯನಿಗೆ ಇಂತಹ ಕರೆಗಳು ಬರುವುದು ಸಹಜ. ಇಲಾಖೆಯ ಕೆಲಸದಲ್ಲಿದ್ದಾಗ ಗಡಿಯಾರ ನೋಡುತ್ತ ಹೋಗುತ್ತಿದ್ದ ಮನೆಗಳಿಗೆ ಈಗ ಗಡಿಯಾರವಿಲ್ಲದೆ ಹೋಗಬಹುದೆಂಬುದೊಂದೇ ವ್ಯತ್ಯಾಸ. ನಾನು ಮೊದಲು ಕಂಡ ಮಲ್ಲತ್ತಹಳ್ಳಿಯಲ್ಲಿ ರಾಗಿಯ ಹೊಲಗಳಿದ್ದವು, ಕೆರೆಯಂಗಳದಲ್ಲಿ ದನ ಮೇಯುತ್ತಿದ್ದವು. ಜ್ಞಾನಭಾರತಿಯ ಕಡೆಯಿಂದ ಸಂಜೆ ಹಿಂತಿರುಗುವ ಮಂದೆಯ ಧೂಳಿನಲ್ಲಿ ಯಾವ ಹಸು ಯಾವುದರ ಮೇಲೆ ಎಗರುತ್ತಿದೆಯೆಂಬುದು ಊರಿನ ಹುಡುಗರಿಗೂ ತಿಳಿದಿರುತ್ತಿತ್ತು. ಆ ಮಂದೆಯೂ ಆ ಧೂಳೂ ಹೋಗಿ, ಹೊಲಗಳು ಬಡಾವಣೆಗಳಾಗಿ, ಬಡಾವಣೆಗಳಿಗೆ ಅಡ್ಡರಸ್ತೆಗಳ ಅಂಕಿ ಬಿದ್ದ ಮೇಲೆಯೂ ಕೆಲವು ಮನೆಗಳವರು ಹಸುಗಳನ್ನು ಬಿಡಲಿಲ್ಲ. ನಾಗರಭಾವಿ, ಉಲ್ಲಾಳ, ಕೆಂಗೇರಿಯ ಕಡೆಯೂ ಇಂತಹ ಕೊಟ್ಟಿಗೆಗಳು ಇನ್ನೂ ಉಂಟು. ಸಿಮೆಂಟಿನ ನೆಲ, ಗಿಡ್ಡ ಹಗ್ಗ, ಖಾಲಿ ಸೈಟಿನ ಹುಲ್ಲು, ಚೀಲದ ಬೂಸಾ, ಹಿಂಡಿ. ಇವೇ ಆ ಹಸುಗಳ ಲೋಕ. ಈ ವಿವರವನ್ನು ನಾನು ಊರಿನ ಹಂಬಲದಿಂದ ಹೇಳುತ್ತಿಲ್ಲ. ಹಸು ಗಬ್ಬ ನಿಲ್ಲುವ ವಿಷಯಕ್ಕೂ ಗಿಡ್ಡ ಹಗ್ಗಕ್ಕೂ ಇರುವ ಸಂಬಂಧವನ್ನು ಮುಂದೆ ಹೇಳಬೇಕಾಗಿದೆ.

ಹಸುವನ್ನು ಮುಟ್ಟುವ ಮೊದಲು ಅದರ ಚರಿತ್ರೆಯನ್ನು ಕೇಳಬೇಕೆಂದು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. ಕೇಳಿದೆ. ಯುಗಾದಿಯ ಆಸುಪಾಸಿನಲ್ಲಿ ಈದಿತ್ತು. ಕರು ದಪ್ಪಗಿದ್ದು ಎಳೆಯಬೇಕಾಯಿತು. ಸತ್ತೆ ಬೀಳಲಿಲ್ಲ. ಸಂಜೆಯವರೆಗೆ ಕಾದು, ನೆರೆಯವರು ಯಾರೋ ಹೇಳಿದರೆಂದು, ನೇತಾಡುತ್ತಿದ್ದ ಸತ್ತೆಗೆ ಒಂದು ಹಳೆಯ ಎಕ್ಕಡವನ್ನು ಕಟ್ಟಿದರು. ಭಾರಕ್ಕೆ ತಾನಾಗಿ ಇಳಿಯಲೆಂದು. ಮರುದಿನ ಕೈ ಹಾಕಿ ಎಳೆಯಬಲ್ಲ ಒಬ್ಬರು ಸಿಕ್ಕಿದರು, ಬಂದಷ್ಟನ್ನು ಎಳೆದರು. ಹಸು ನಾಲ್ಕು ದಿನ ಮೇವು ಬಿಟ್ಟಿತು, ಅನಂತರ ಚೇತರಿಸಿಕೊಂಡಿತು, ಹಾಲಿಗೆ ನಿಂತಿತು. ಆಮೇಲೆ ನಾಲ್ಕು ಸಲ ಬೆದೆಗೆ ಬಂದಿತು. ನಾಲ್ಕು ಸಲವೂ ಇಂಜೆಕ್ಷನ್ ಕೊಡಿಸಿದರು; ಕೃತಕ ಗರ್ಭಧಾರಣೆಯನ್ನು ನಮ್ಮವರು ಕರೆಯುವುದು ಹಾಗೆ. ಮೂರು ಸಲ ಕಟ್ಟಲಿಲ್ಲ. ನಾಲ್ಕನೆಯದಾದ ಮೇಲೆ ಎರಡು ತಿಂಗಳು ಬೆದೆಯೇ ಕಾಣದಿದ್ದುದರಿಂದ ಗಬ್ಬ ನಿಂತಿತೆಂದು ಮನೆಯವರೆಲ್ಲ ಸಂತೋಷಪಟ್ಟರು. ಆದರೆ ಹಸು ಮಲಗಿದಾಗಲೆಲ್ಲ ಬಾಲದ ಕೆಳಗೆ ಬಿಳಿಯ ಗಟ್ಟಿ ಮಜ್ಜಿಗೆಯಂತಹ ಪದಾರ್ಥ ಅಂಗೈಯಷ್ಟು ಅಗಲಕ್ಕೆ ಬೀಳತೊಡಗಿತು. ಅದನ್ನು ನೋಡಿದ ದಲ್ಲಾಳಿಯ ಬಾಯಿಂದ ‘ಗೊಡ್ಡು’ ಎಂಬ ಮಾತು ಹೊರಟಿತು.

ಸತ್ತೆಯೆಂದೂ ಮಾಸೆಂದೂ ಕಸವೆಂದೂ ನಾವು ಕರೆಯುವ ಈ ವಸ್ತುವಿನ ವಿಷಯದಲ್ಲಿ ನಮ್ಮವರ ಆತುರಕ್ಕೆ ಮಿತಿಯಿಲ್ಲ. ಕರು ಹೊಟ್ಟೆಯಲ್ಲಿರುವಾಗ ಅದನ್ನು ಹೊದ್ದ ಪೊರೆಗೂ ತಾಯಿಯ ಗರ್ಭಕೋಶದ ಗೋಡೆಗೂ ಸಂಬಂಧವು ಎಲ್ಲೆಡೆಯೂ ಏಕರೂಪವಾಗಿರುವುದಿಲ್ಲ. ಅಂಗಿಯ ಗುಂಡಿಯೂ ಕಾಜವೂ ಇರುವಂತೆ, ಎಪ್ಪತ್ತರಿಂದ ನೂರಿಪ್ಪತ್ತರವರೆಗಿನ ಬಿಡಿಬಿಡಿ ತಾಣಗಳಲ್ಲಿ ಎರಡೂ ಒಂದರೊಳಗೊಂದು ಹೊಕ್ಕು ಹಿಡಿದುಕೊಂಡಿರುತ್ತವೆ. ಆ ಗುಂಡಿಗಳಲ್ಲಿ ಕೆಲವು ಹೆಬ್ಬೆರಳಿನ ತುದಿಯಷ್ಟಿದ್ದರೆ ಕೆಲವು ನಿಂಬೆಹಣ್ಣಿಗಿಂತ ದೊಡ್ಡವು. ಹಸು ಈದ ಮೇಲೆ ಗರ್ಭಕೋಶವು ಹಿಂಡಿ ಹಿಂಡಿ ಈ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಸಾಧಾರಣವಾಗಿ ಮೂರರಿಂದ ಎಂಟು ಗಂಟೆಗಳೊಳಗೆ ಈ ಕೆಲಸ ಮುಗಿಯುತ್ತದೆ. ಹನ್ನೆರಡು ಗಂಟೆ ಕಳೆದರೂ ಮುಗಿಯದಿದ್ದರೆ ಸತ್ತೆ ನಿಂತಿತೆಂದು ತಿಳಿಯಬೇಕು. ನಿಲ್ಲುವುದಕ್ಕೆ ಕಾರಣಗಳು ಅನೇಕ: ಪ್ರಸವದ ಕಷ್ಟ, ಅವಳಿ ಕರು, ತಿಂಗಳು ತುಂಬುವ ಮುನ್ನ ಕಂದು ಹಾಕುವುದು, ರಕ್ತದಲ್ಲಿ ಸುಣ್ಣದ ಅಂಶ ಕುಗ್ಗುವುದು, ಸೆಲೆನಿಯಮ್ ಮತ್ತು ಇ ಜೀವಸತ್ವದ ಕೊರತೆ. ಇವುಗಳಲ್ಲಿ ಯಾವುದೂ ಎಕ್ಕಡದ ಭಾರದಿಂದ ಗುಣವಾಗತಕ್ಕದ್ದಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಕಟ್ಟಿದ ಭಾರವು ಸತ್ತೆಯನ್ನು ನಡುವೆ ಹರಿಯುತ್ತದೆ. ಕೆಲವೊಮ್ಮೆ ಗರ್ಭಕೋಶವನ್ನೇ ಹೊರಕ್ಕೆಳೆದುಬಿಡುತ್ತದೆ. ಕೈ ಹಾಕಿ ಎಳೆಯುವುದು ಇನ್ನೂ ಕೆಟ್ಟದ್ದು. ಗುಂಡಿ ಬಿಚ್ಚದೆ ಅಂಗಿಯನ್ನು ಕಿತ್ತರೆ ಕಾಜವಿದ್ದ ಬಟ್ಟೆಯೇ ಹರಿಯುವಂತೆ, ಎಳೆದವನ ಕೈಗೆ ಪೊರೆಯ ದೊಡ್ಡ ಭಾಗ ಬಂದು, ಬೇರುಗಳಂತಹ ಸಣ್ಣ ತುಣುಕುಗಳು ಒಳಗೇ ಉಳಿದು ಕೊಳೆಯುತ್ತವೆ. ಗೋಡೆಗೆ ಆದ ಗಾಯದ ಮೂಲಕ ಆ ಕೊಳಕು ರಕ್ತಕ್ಕೆ ದಾರಿ ಮಾಡಿಕೊಳ್ಳುತ್ತದೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಭುಜದವರೆಗೆ ಕೈ ಹಾಕಿ ಗಂಟೆಗಟ್ಟಲೆ ಗುಂಡಿ ಬಿಡಿಸಿದವನೇ. ಆಗ ಅದು ವಿದ್ಯೆಯ ಕುರುಹಾಗಿತ್ತು, ಪೂರ್ತಿ ಸತ್ತೆಯನ್ನು ಬಕೆಟ್ಟಿಗೆ ಹಾಕಿ ತೋರಿಸಿದ ವೈದ್ಯನಿಗೆ ಊರಿನಲ್ಲಿ ಹೆಸರಿತ್ತು. ಆ ಹೆಸರಿನಲ್ಲಿ ಎಷ್ಟು ಹಸುಗಳ ಮುಂದಿನ ಗಬ್ಬವನ್ನು ಕೆಡಿಸಿದೆನೋ ಲೆಕ್ಕವಿಟ್ಟಿಲ್ಲ. ಈಗಿನ ತಿಳಿವಳಿಕೆಯ ಪ್ರಕಾರ, ಹಸು ಮೇಯುತ್ತಿದ್ದು ಜ್ವರವಿಲ್ಲದಿದ್ದರೆ ಸತ್ತೆಯನ್ನು ಮುಟ್ಟದಿರುವುದೇ ಮೇಲು. ಕೆಲವು ದಿನಗಳಲ್ಲಿ ಗುಂಡಿಗಳು ಸಡಿಲವಾಗಿ ಅದು ತಾನಾಗಿ ಜಾರುತ್ತದೆ. ವಾಸನೆಯನ್ನು ಸಹಿಸುವುದು ಕಷ್ಟ, ನಿಜ. ಹಸುವಿನ ಆರೋಗ್ಯಕ್ಕಾಗಿ ಮನುಷ್ಯನ ಮೂಗು ಒಂದು ವಾರ ಕಷ್ಟಪಟ್ಟರೆ ಅನ್ಯಾಯವೇನೂ ಇಲ್ಲ.

ಈದ ಹಸುವಿಗೆ ಬಿದಿರೆಲೆ ತಿನ್ನಿಸುವ ನಮ್ಮ ಹಿರಿಯರ ಪದ್ಧತಿಯನ್ನು ನಾನು ಬೇಡವೆನ್ನುವವನಲ್ಲ. ಬೆಲ್ಲದ ನೀರನ್ನೂ ಬೇಡವೆನ್ನೆನು. ಅದಕ್ಕಿಂತಲೂ ಒಳ್ಳೆಯದು ಕರುವನ್ನು ಬೇಗ ಮೊಲೆಗೆ ಬಿಡುವುದು. ಸತ್ತೆ ಬೀಳುವವರೆಗೆ ಗಿಣ್ಣು ಕುಡಿಸಬಾರದೆಂಬ ಒಂದು ನಂಬಿಕೆ ಇನ್ನೂ ಕೆಲವು ಮನೆಗಳಲ್ಲಿದೆ. ಅದು ಎರಡು ಬಗೆಯಲ್ಲಿ ಹಾನಿಕರ: ಕರುವಿಗೆ ರೋಗನಿರೋಧಕ ಶಕ್ತಿ ದೊರೆಯಬೇಕಾದ ಹೊತ್ತು ಮೀರಿ ಹೋಗುತ್ತದೆ, ಮತ್ತು ಕರುವಿನ ಬಾಯಿ ಮೊಲೆಗೆ ಸೋಕಿದೊಡನೆ ತಾಯಿಯ ರಕ್ತದಲ್ಲಿ ಹರಿಯುವ, ಹಾಲನ್ನು ತೊರೆಯಿಸುವಂತೆಯೇ ಗರ್ಭಕೋಶವನ್ನೂ ಹಿಂಡಿಸುವ ಆಕ್ಸಿಟೋಸಿನ್ ಎಂಬ ಚೋದಕವನ್ನು ನಾವೇ ತಡೆದಂತಾಗುತ್ತದೆ.

ಈದ ದಿನ ಒಂಬತ್ತು ಹತ್ತು ಕಿಲೋ ತೂಗುವ ಗರ್ಭಕೋಶವು ತಿಂಗಳೊಪ್ಪತ್ತಿನಲ್ಲಿ ಒಂದು ಕಿಲೋಗೆ ಇಳಿಯುತ್ತದೆ. ಇಷ್ಟು ದೊಡ್ಡ ಅಂಗವೊಂದು ಇಷ್ಟು ಬೇಗ ಕುಗ್ಗಿ ಮೊದಲಿನಂತಾಗುವುದು ದೇಹದೊಳಗಿನ ಅಚ್ಚರಿಗಳಲ್ಲಿ ಒಂದು. ಆ ಅವಧಿಯಲ್ಲಿ ಅದರೊಳಗೆ ಕ್ರಿಮಿಗಳು ಸೇರದ ಹಸುವೇ ಇಲ್ಲವೆನ್ನಬಹುದು. ಹೆಚ್ಚಿನವು ತಾವಾಗಿಯೇ ಅವನ್ನು ಹೊರಹಾಕುತ್ತವೆ. ಎರಡು ಮೂರು ವಾರ ಕಂದುಗೆಂಪು ಬಣ್ಣದ, ದುರ್ವಾಸನೆಯಿಲ್ಲದ ಸ್ರಾವವಿದ್ದರೆ ಗಾಬರಿ ಬೇಡ. ಈದ ಹತ್ತು ದಿನಗಳೊಳಗೆ ನೀರಾದ, ಇಟ್ಟಿಗೆಯ ಬಣ್ಣದ, ಕೊಳೆತ ನಾತದ ಸ್ರಾವ ಬಂದು, ಹಸು ಮೇವು ಬಿಟ್ಟು, ಕಿವಿ ಜೋಲಿಸಿ, ಹಾಲು ಇಳಿಸಿ, ಮೈಯ ಕಾವು 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಂದೇ ವೈದ್ಯರನ್ನು ಕರೆಯಿಸಬೇಕು. ಅದು ಪ್ರಾಣಕ್ಕೇ ಬರಬಹುದಾದ ಗರ್ಭಕೋಶದ ಉರಿಯೂತ; ಅದಕ್ಕೆ ಸೂಜಿಯ ಮೂಲಕ ದೇಹಕ್ಕೆಲ್ಲ ಹರಡುವ ಔಷಧವೇ ಬೇಕು. ಹಸುವಿನ ಸಹಜವಾದ ಕಾವು ಸುಮಾರು 101.5 ಡಿಗ್ರಿ. ಹತ್ತಾರು ಸಾವಿರದ ಹಸು ಕಟ್ಟಿರುವವರು ಒಂದು ಥರ್ಮಾಮೀಟರನ್ನು ಕೊಟ್ಟಿಗೆಯ ಗೂಡಿನಲ್ಲಿ ಇಟ್ಟುಕೊಳ್ಳುವುದಿಲ್ಲವೇಕೆಂಬುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ.

ಮೂರು ವಾರ ಕಳೆದ ಮೇಲೂ ಕೀವು ನಿಲ್ಲದಿದ್ದರೆ ಅದು ಬೇರೆ ಬಗೆ. ಆಗ ಜ್ವರವಿರದು, ಮೇವು ಚೆನ್ನಾಗಿಯೇ ತಿನ್ನುತ್ತದೆ, ಹಾಲೂ ಕೊಡುತ್ತದೆ. ಗಬ್ಬ ಮಾತ್ರ ನಿಲ್ಲುವುದಿಲ್ಲ. ಇದನ್ನು ತರುವ ಕ್ರಿಮಿಗಳಲ್ಲಿ ಮುಖ್ಯವಾದುದಕ್ಕೆ ನಾನು ಓದುವಾಗ ಕೊರಿನೆಬ್ಯಾಕ್ಟೀರಿಯಮ್ ಎಂದು ಹೆಸರಿತ್ತು. ಆಮೇಲೆ ಆಕ್ಟಿನೋಮೈಸಿಸ್ ಆಯಿತು, ಮುಂದೆ ಆರ್ಕನೋಬ್ಯಾಕ್ಟೀರಿಯಮ್ ಆಯಿತು, ಈಗ ಟ್ರೂಪೆರೆಲ್ಲಾ ಎನ್ನುತ್ತಾರೆ. ಪಂಡಿತರು ನಾಲ್ಕು ಸಲ ನಾಮಕರಣ ಮಾಡಿದರೂ ಕೀವಿನ ಬಣ್ಣ ಬದಲಾಗಿಲ್ಲ. ಬೆದೆಯ ದಿನ ಇಳಿಯುವ ಲೋಳೆಯನ್ನು ನೋಡಿ: ಗಾಜನ್ನು ಕರಗಿಸಿ ಎಳೆ ತೆಗೆದಂತೆ ನೆಲದವರೆಗೆ ತುಂಡಾಗದೆ ಜೋಲಿದರೆ ಗರ್ಭಕೋಶ ಶುದ್ಧವಾಗಿದೆ. ಅದರಲ್ಲಿ ನುಚ್ಚಿನಂತಹ ಒಂದೆರಡು ಬಿಳಿ ಚುಕ್ಕೆಗಳು ಕಂಡರೂ ಆ ದಿನ ಇಂಜೆಕ್ಷನ್ ಕೊಡಿಸುವುದು ದುಡ್ಡನ್ನು ಗಂಜಲದ ಗುಂಡಿಗೆ ಹಾಕಿದಂತೆ.

ಮತ್ತೆ ಆ ಕೊಟ್ಟಿಗೆಗೆ ಬರೋಣ. ಕೈಗವಸು ತೊಟ್ಟು, ಎಣ್ಣೆ ಹಚ್ಚಿ, ಹಸುವಿನ ಗುದದ್ವಾರದ ಮೂಲಕ ಕೈಯಾಡಿಸಿದೆ. ಅಲ್ಲಿಂದ ತೆಳುವಾದ ಒಂದು ಗೋಡೆಯ ಆಚೆ ಗರ್ಭಕೋಶವನ್ನು ಬೆರಳುಗಳು ನೋಡಬಲ್ಲವು. ನಮ್ಮ ವೃತ್ತಿಯವರಿಗೆ ಕಣ್ಣು ಎರಡಲ್ಲ, ಏಳು. ಎರಡು ತಿಂಗಳ ಗಬ್ಬವಾಗಿದ್ದರೆ ಗರ್ಭಕೋಶದ ಒಂದು ಕೊಂಬು ದಪ್ಪವಾಗಿದ್ದು, ಅದರ ಗೋಡೆಯನ್ನು ಹಗುರವಾಗಿ ಚಿವುಟಿ ಬಿಟ್ಟರೆ ಒಳಗಿನ ಪೊರೆಯು ನೂಲಿನಂತೆ ಬೆರಳ ಸಂದಿನಿಂದ ಮೊದಲು ಜಾರಿ, ಆಮೇಲೆ ಗೋಡೆ ಜಾರುತ್ತದೆ. ಇಲ್ಲಿ ಕೊಂಬೇನೋ ದಪ್ಪವಾಗಿತ್ತು. ಚಿವುಟಿದರೆ ಜಾರುವ ನೂಲಿರಲಿಲ್ಲ. ಗೋಡೆ ದಪ್ಪ, ಒಳಗೆ ಅಂಬಲಿ ತುಂಬಿದ ಚೀಲದಂತಹ ಕುಲುಕಾಟ. ಎಡದ ಅಂಡಾಶಯದ ಮೇಲೆ ಹಳದಿ ಪಿಂಡವು, ವೈದ್ಯಗ್ರಂಥಗಳು ಪೀತಪಿಂಡವೆನ್ನುವುದು, ಗಟ್ಟಿಯಾಗಿ ಕುಳಿತಿತ್ತು.

ಈ ಪೀತಪಿಂಡದ ಕಥೆಯೇ ಈ ರೋಗದ ಕಥೆ. ಬೆದೆ ಮುಗಿದು ಅಂಡ ಹೊರಬಿದ್ದ ಸ್ಥಳದಲ್ಲಿ ಪೀತಪಿಂಡ ಬೆಳೆದು, ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಎಂಬ ಚೋದಕವನ್ನು ಸುರಿಸುತ್ತದೆ. ಗರ್ಭಕೋಶ ಬರಿದಾಗಿದ್ದರೆ ಹದಿನಾರು ಹದಿನೇಳನೆಯ ದಿನದ ಹೊತ್ತಿಗೆ ಆ ಗರ್ಭಕೋಶವೇ ಒಂದು ಸಂದೇಶವನ್ನು ಕಳುಹಿಸಿ ಪಿಂಡವನ್ನು ಕರಗಿಸುತ್ತದೆ. ಇಪ್ಪತ್ತೊಂದನೆಯ ದಿನದ ಸುಮಾರಿಗೆ ಹಸು ಮತ್ತೆ ಬೆದೆಗೆ ಬರುತ್ತದೆ. ಕೀವು ತುಂಬಿದ ಗರ್ಭಕೋಶವು ಈ ಸಂದೇಶವನ್ನು ಕಳುಹಿಸಲಾರದು. ಒಳಗೆ ಕರುವಿದೆಯೆಂಬಂತೆ ಪಿಂಡವು ಕಾಯುತ್ತ ಕೂರುತ್ತದೆ, ಗರ್ಭಕಂಠದ ಬಾಯಿ ಬಿಗಿಯಾಗುತ್ತದೆ, ಕೀವು ಹೆಚ್ಚುತ್ತದೆ. ಆ ಹಸು ಗೊಡ್ಡಾಗಿರಲಿಲ್ಲ. ತಾನು ಗಬ್ಬವಾಗಿದ್ದೇನೆಂದು ಅದರ ದೇಹ ನಂಬಿತ್ತು, ಮನೆಯವರೂ ಅದನ್ನೇ ನಂಬಿದ್ದರು. ಇಬ್ಬರೂ ಒಂದೇ ತಪ್ಪನ್ನು ಮಾಡಿದ್ದರು.

ಇದರ ಚಿಕಿತ್ಸೆಯಲ್ಲಿ ನನ್ನ ಕಣ್ಣೆದುರಿಗೇ ಒಂದು ಯುಗ ಕಳೆದು ಇನ್ನೊಂದು ಬಂದಿತು. ಹಿಂದೆ ಲ್ಯೂಗಾಲ್ ದ್ರಾವಣವೆಂಬ ಅಯೋಡಿನ್ ನೀರನ್ನು ಕೊಳವೆಯ ಮೂಲಕ ಗರ್ಭಕೋಶಕ್ಕೆ ಹಾಯಿಸುತ್ತಿದ್ದೆವು. ಪೀತಪಿಂಡವನ್ನು ಗುದದ ಮೂಲಕ ಬೆರಳುಗಳಿಂದ ಹಿಸುಕಿ ಕಿತ್ತು ತೆಗೆಯುತ್ತಿದ್ದೆವು. ಹಾಗೆ ಕಿತ್ತ ಹಸುಗಳಲ್ಲಿ ಕೆಲವು ಒಳಗೇ ರಕ್ತ ಸುರಿಸಿಕೊಂಡು ಸತ್ತುದುಂಟು. ಈಗ ಗರ್ಭಕೋಶವು ಕಳುಹಿಸಲಾರದ ಆ ಸಂದೇಶವನ್ನೇ ಸೀಸೆಯಲ್ಲಿ ತುಂಬಿ ಕೊಡುತ್ತಾರೆ. ಅದರ ಹೆಸರು ಪ್ರೊಸ್ಟಗ್ಲಾಂಡಿನ್. ಸ್ವೀಡನ್ನಿನ ಫಾನ್ ಆಯ್ಲರ್ 1930ರ ದಶಕದಲ್ಲಿ ಅದಕ್ಕೆ ಆ ಹೆಸರಿಟ್ಟರು. ಆ ವರ್ಗದ ವಸ್ತುಗಳ ಗುಟ್ಟನ್ನು ಬಿಡಿಸಿದುದಕ್ಕಾಗಿ ಬರ್ಗ್‌ಸ್ಟ್ರಾಮ್, ಸ್ಯಾಮ್ಯುಯೆಲ್ಸನ್, ವೇನ್ ಎಂಬ ಮೂವರಿಗೆ 1982ರ ನೊಬೆಲ್ ಪಾರಿತೋಷಕ ದೊರೆಯಿತು. ಸೂಜಿ ಕೊಟ್ಟ ಕೆಲವೇ ದಿನಗಳಲ್ಲಿ ಪಿಂಡ ಕರಗಿ, ಹಸು ಬೆದೆಗೆ ಬಂದು, ಗರ್ಭಕಂಠ ತೆರೆದು, ಕೀವು ತಾನಾಗಿ ಹೊರಗೆ ಬೀಳುತ್ತದೆ. ಬೆದೆಯ ಹೊತ್ತಿನಲ್ಲಿ ಗರ್ಭಕೋಶಕ್ಕೆ ರಕ್ತದ ಹರಿವು ಹೆಚ್ಚಿ, ಕ್ರಿಮಿಗಳನ್ನು ನುಂಗುವ ಕಣಗಳು ನುಗ್ಗಿ ಬರುತ್ತವೆ. ಗರ್ಭಕೋಶವನ್ನು ತೊಳೆಯುವುದರಲ್ಲಿ ಯಾವ ಔಷಧಿಯೂ ಒಂದು ಒಳ್ಳೆಯ ಬೆದೆಗೆ ಸಮನಲ್ಲ. ವೈದ್ಯನ ಕೆಲಸ ಆ ಬೆದೆಯನ್ನು ಬರಿಸುವುದು. ಹೀಗೆಂದಮಾತ್ರಕ್ಕೆ ಅಂಗಡಿಯಿಂದ ತಂದು ಯಾರು ಬೇಕಾದರೂ ಕೊಡತಕ್ಕ ಔಷಧವಲ್ಲ ಇದು. ಗಬ್ಬದ ಹಸುವಿಗೆ ಕೊಟ್ಟರೆ ಕಂದು ಹಾಕುತ್ತದೆ. ಚರ್ಮದ ಮೂಲಕವೂ ಒಳಹೋಗುವುದರಿಂದ ಬಸುರಿಯರೂ ಉಬ್ಬಸದವರೂ ಆ ಸೀಸೆಯನ್ನು ಮುಟ್ಟಬಾರದು. ಜೀವಿರೋಧಕ ಔಷಧಿಗಳನ್ನು ಕೊಟ್ಟಾಗಲಂತೂ, ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೂ ಹಾಕಬಾರದು, ನೆರೆಮನೆಗೂ ಕೊಡಬಾರದು.

ಇನ್ನು ಗಿಡ್ಡ ಹಗ್ಗದ ವಿಚಾರ. ಅದನ್ನು ಈ ಇಂಜೆಕ್ಷನ್ ಬಂದ ಬಗೆಯಿಂದಲೇ ಆರಂಭಿಸಬೇಕು. 1939ರಲ್ಲಿ ಮೈಸೂರಿನ ಅರಮನೆಯ ಡೈರಿಯಲ್ಲಿ ಸಂಪತ್ ಕುಮಾರನ್ ಎಂಬ ಪಶುವೈದ್ಯರು ಹೋರಿಯ ವೀರ್ಯವನ್ನು ಸಂಗ್ರಹಿಸಿ ಹಳ್ಳಿಕಾರ್ ಹಸುಗಳಲ್ಲಿ ನೆಟ್ಟು, 33 ಹಸುಗಳನ್ನು ಗಬ್ಬ ನಿಲ್ಲಿಸಿದರು. ಭಾರತದಲ್ಲಿ ದನಗಳ ಕೃತಕ ಗರ್ಭಧಾರಣೆಗೆ ಅದೇ ಮೊದಲೆಂದು ಪಠ್ಯಗ್ರಂಥಗಳು ಹೇಳುತ್ತವೆ. ಹೋರಿಯಿಂದ ಹಸುವಿಗೆ, ಹಸುವಿನಿಂದ ಹೋರಿಗೆ ಹರಡುತ್ತಿದ್ದ ಜನನಾಂಗದ ರೋಗಗಳು ಈ ಪದ್ಧತಿಯಿಂದ ಬಹುಮಟ್ಟಿಗೆ ಅಡಗಿದವು. ಊರಿನ ಬಸವನು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ರೋಗವನ್ನೂ ಹೊತ್ತು ತಿರುಗುತ್ತಿದ್ದನೆಂಬುದನ್ನು ನಾವು ಮರೆಯಬಾರದು. ಆದರೆ ಆ ಬಸವನಲ್ಲಿ ಒಂದು ಗುಣವಿತ್ತು: ಯಾವ ಹಸು ಎಂದು ಬೆದೆಗೆ ಬಂದಿದೆಯೆಂಬುದು ಅವನಿಗೆ ತಪ್ಪದೆ ತಿಳಿಯುತ್ತಿತ್ತು. ಆ ಕೆಲಸ ಈಗ ಮನುಷ್ಯನ ಕಣ್ಣಿಗೆ ಬಿದ್ದಿದೆ.

ಬೆದೆ ಇರುವುದು ಹನ್ನೆರಡರಿಂದ ಹದಿನೆಂಟು ಗಂಟೆ. ಅದು ಮುಗಿದ ಹತ್ತು ಹನ್ನೆರಡು ಗಂಟೆಗಳಿಗೆ ಅಂಡ ಬಿಡುಗಡೆಯಾಗುತ್ತದೆ. ಆದ್ದರಿಂದಲೇ ಬೆಳಗ್ಗೆ ಕಂಡ ಬೆದೆಗೆ ಸಂಜೆ, ಸಂಜೆ ಕಂಡುದಕ್ಕೆ ಮರುದಿನ ಬೆಳಗ್ಗೆ ಇಂಜೆಕ್ಷನ್ ಎಂಬ ನಿಯಮ. ಮಂದೆಯಲ್ಲಿ ಬಿಟ್ಟ ಹಸುಗಳು ಒಂದರ ಮೇಲೊಂದು ಎಗರಿ, ಎಗರಿಸಿಕೊಂಡು ನಿಂತು ತಮ್ಮ ಬೆದೆಯನ್ನು ಸಾರುತ್ತವೆ. ಮಲ್ಲತ್ತಹಳ್ಳಿಯ ಸಿಮೆಂಟಿನ ನೆಲದಲ್ಲಿ ಮೂರು ಮೊಳದ ಹಗ್ಗಕ್ಕೆ ಕಟ್ಟಿದ ಹಸು ಯಾರ ಮೇಲೆ ಎಗರೀತು? ಜಾರುವ ಭಯವೊಂದು, ಜೊತೆಯಿಲ್ಲದ ಕೊರತೆಯೊಂದು. ಬೆದೆ ಮೂಕವಾಗುತ್ತದೆ. ಅದರಲ್ಲಿಯೂ ಬೆದೆಯ ಚಿಹ್ನೆಗಳು ಹೆಚ್ಚಾಗಿ ರಾತ್ರಿಯ ತಂಪಿನಲ್ಲಿ ತೋರುವುದರಿಂದ, ಒಂಬತ್ತು ಗಂಟೆಗೆ ಮಲಗಿ ಐದಕ್ಕೆ ಹಾಲು ಕರೆಯಲು ಏಳುವ ಮನೆಯವರಿಗೆ ಅದು ಕಾಣಿಸುವುದೇ ಇಲ್ಲ. ಎರಡು ದಿನ ಕಳೆದು ಬಾಲಕ್ಕೆ ರಕ್ತದ ಕಲೆ ಅಂಟಿದುದನ್ನು ಕಂಡು ಆಗ ಫೋನು ಮಾಡುತ್ತಾರೆ. ಆ ರಕ್ತವು ಹೇಳುವುದು ಇಷ್ಟೇ: ಬೆದೆ ಬಂದಿತ್ತು, ಹೋಯಿತು. ಆಗ ಗರ್ಭಕಂಠ ಮುಚ್ಚುತ್ತ ಬಂದಿರುತ್ತದೆ, ಪ್ರೊಜೆಸ್ಟರಾನ್ ಏರುತ್ತಿರುತ್ತದೆ, ಗರ್ಭಕೋಶದ ಕಾವಲು ಸಡಿಲವಾಗಿರುತ್ತದೆ. ಆ ಹೊತ್ತಿನಲ್ಲಿ ಒಳಗೆ ಹೋದ ಕೊಳವೆಯು ಕ್ರಿಮಿಯನ್ನು ಕೊಂಡೊಯ್ದರೆ ಹೊರಹಾಕುವವರಿಲ್ಲ. ಈ ಹಸುವಿನ ನಾಲ್ಕನೆಯ ಇಂಜೆಕ್ಷನ್ ಹಾಗೆ ರಕ್ತ ಕಂಡ ಮೇಲೆ ಆದುದೆಂದು ಆ ತಾಯಿಯನ್ನು ಎರಡು ಸಲ ಕೇಳಿದ ಮೇಲೆ ಹೊರಬಿದ್ದಿತು. ಹಾಕಿದವರು ಯಾರೆಂದು ನಾನು ಕೇಳಲಿಲ್ಲ. ಮೊದಲಿನ ಮೂರು ಸಲದ ತಾರೀಕುಗಳು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಹಸುವನ್ನು ಪ್ರೀತಿಸುವುದು ಬೇರೆ, ಅದರ ಲೆಕ್ಕವನ್ನು ಇಡುವುದು ಬೇರೆ. ಗೋಸೇವೆಯ ವಿಷಯದಲ್ಲಿ ಅಷ್ಟೊಂದು ಬರೆದು ಮಾತನಾಡಿದ್ದ ಗಾಂಧೀಜಿಯವರೇ, 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದಾಗ, ತಮ್ಮ 57ನೆಯ ವಯಸ್ಸಿನಲ್ಲಿ, ಮದನಮೋಹನ ಮಾಳವೀಯರೊಡನೆ ಇಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ವಿದ್ಯಾರ್ಥಿಯಂತೆ ಪಾಠ ಕೇಳಿದರು. ಭಕ್ತಿಯಿಂದ ತಿಳಿಯದುದು ಏನೋ ಇದೆಯೆಂದು ಅವರಿಗೆ ತೋರಿರಬೇಕು. ಆ ಲೆಕ್ಕವು ಕಠಿಣವಾದುದೂ ಅಲ್ಲ: ಗಬ್ಬದ ಅವಧಿ 280 ದಿನ, ಈದ ಮೇಲೆ 60 ದಿನ ಗರ್ಭಕೋಶಕ್ಕೆ ವಿಶ್ರಾಂತಿ, ಆಮೇಲೆ 25 ದಿನಗಳೊಳಗೆ ಒಂದು ಬೆದೆ. ಕೂಡಿದರೆ 365. ವರ್ಷಕ್ಕೊಂದು ಕರುವೆಂಬ ಹಳೆಯ ಮಾತು ಈ ಮೂರು ಅಂಕಿಗಳ ಮೇಲೆ ನಿಂತಿದೆ.

ಕಂದು ರೋಗದ ವಿಷಯ ಒಂದು ಮಾತು. ಐದು ತಿಂಗಳು ದಾಟಿದ ಗಬ್ಬದ ಹಸು ಕಂದು ಹಾಕಿ, ಸತ್ತೆಯೂ ನಿಂತರೆ ಬ್ರುಸೆಲ್ಲಾ ಕ್ರಿಮಿಯ ಸಂಶಯ ಬರಬೇಕು. ಅದು ಮನುಷ್ಯರಿಗೂ ಅಂಟಿ ತಿಂಗಳುಗಟ್ಟಲೆ ಬಂದು ಹೋಗುವ ಜ್ವರವನ್ನೂ ಕೀಲುನೋವನ್ನೂ ತರುತ್ತದೆ. ಆ ಕಂದನ್ನೂ ಸತ್ತೆಯನ್ನೂ ಬರಿಗೈಯಿಂದ ಮುಟ್ಟದೆ, ನಾಯಿಗೆ ಎಸೆಯದೆ, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹಾಲನ್ನು ಕಾಯಿಸದೆ ಕುಡಿಯಬಾರದು. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಕರುಗಳಿಗೆ ಜೀವಮಾನದಲ್ಲಿ ಒಂದೇ ಸಲ ಹಾಕಿಸುವ ಲಸಿಕೆಯುಂಟು. ಗಂಡು ಕರುವಿಗೆ ಅದನ್ನು ಹಾಕಿಸಕೂಡದು.

ಮೇವಿನ ಮಾತನ್ನು ವಿಸ್ತರಿಸಲು ಹೊತ್ತಿಲ್ಲ. ಈದ ಎರಡು ತಿಂಗಳಲ್ಲಿ ಸೀಮೆಹಸು ತಿಂದುದಕ್ಕಿಂತ ಹೆಚ್ಚನ್ನು ಹಾಲಾಗಿ ಕೊಡುತ್ತದೆ. ಬೆನ್ನಿನ ಮಾಂಸ ಕರಗಿ ಸೊಂಟದ ಮೂಳೆ ಎದ್ದು ಕಂಡರೆ ಅಂಡಾಶಯ ನಿದ್ರೆ ಹೋಗುತ್ತದೆ. ಅದಕ್ಕೆ ಸೂಜಿ ಮದ್ದಲ್ಲ, ಗೋದಲಿಯೇ ಮದ್ದು. ಜೊತೆಗೆ ದಿನಕ್ಕೆ ಐವತ್ತು ಗ್ರಾಮಿನಷ್ಟು ಖನಿಜ ಮಿಶ್ರಣ.

ನಿಜವಾದ ಗೊಡ್ಡು ಇಲ್ಲವೆಂದು ನಾನು ಹೇಳಲಾರೆ. ಹೋರಿಕರುವಿನ ಜೊತೆಯಲ್ಲಿ ಅವಳಿಯಾಗಿ ಹುಟ್ಟಿದ ಹೆಣ್ಣುಕರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗೊಡ್ಡೇ. ಹೊಟ್ಟೆಯಲ್ಲಿರುವಾಗಲೇ ಎರಡರ ರಕ್ತನಾಳಗಳು ಕೂಡಿಕೊಂಡು, ಗಂಡಿನ ಚೋದಕಗಳು ಹೆಣ್ಣಿನ ಗರ್ಭಕೋಶವನ್ನು ಬೆಳೆಯಲು ಬಿಟ್ಟಿರುವುದಿಲ್ಲ. ಅಂತಹ ಕಡಸನ್ನು ಮೂರು ವರ್ಷ ಸಾಕಿ ನಿರಾಶರಾಗುವುದಕ್ಕಿಂತ ಮೊದಲೇ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಆದರೆ ನನ್ನ ಕೈಗೆ ಗೊಡ್ಡೆಂಬ ಹೆಸರು ಹೊತ್ತು ಬಂದ ಹಸುಗಳಲ್ಲಿ ಅಂತಹವು ಬೆರಳೆಣಿಕೆಯಷ್ಟು. ಮಿಕ್ಕವುಗಳಲ್ಲಿ ಕೆಲವಕ್ಕೆ ಕೀವು, ಕೆಲವಕ್ಕೆ ಹಸಿವು, ಬಹುಪಾಲಿಗೆ ನೋಡುವವರಿಲ್ಲದ ಬೆದೆ.

ಆ ದಿನ ದಲ್ಲಾಳಿಯ ಟೆಂಪೋ ಬಂದು ಬರಿದಾಗಿ ಹೋಯಿತು. ಸೂಜಿ ಕೊಟ್ಟ ನಾಲ್ಕನೆಯ ದಿನ ಹಸು ಕೊಟ್ಟಿಗೆಯ ನೆಲಕ್ಕೆ ಬಿಂದಿಗೆಯಷ್ಟು ಕೀವನ್ನು ಸುರಿಯಿತು. ಆ ತಾಯಿ ಹೆದರಿ ಫೋನು ಮಾಡಿದರು. ನಾನು, ಒಳ್ಳೆಯದಾಯಿತು, ನೀರು ಹಾಕಿ ತೊಳೆಯಿರಿ, ಇಂಜೆಕ್ಷನ್ ಮಾತ್ರ ಬೇಡ ಎಂದೆ. ಇಪ್ಪತ್ತೊಂದು ದಿನಕ್ಕೆ ಬಂದ ಬೆದೆಯಲ್ಲಿ ಲೋಳೆ ಮುಕ್ಕಾಲು ತಿಳಿಯಾಗಿತ್ತು. ನುಚ್ಚಿನಂತಹ ಚುಕ್ಕೆಗಳು ಇನ್ನೂ ಇದ್ದುದರಿಂದ ಆ ಸಲವೂ ಬೇಡವೆಂದೆ. ಅವರ ಮಗನಿಗೆ ನನ್ನ ಮೇಲೆ ಬೇಸರವಾದುದು ಮುಖದಲ್ಲಿಯೇ ಕಾಣುತ್ತಿತ್ತು. ಸಂಕ್ರಾಂತಿಯ ಹಿಂದಿನ ಸಂಜೆ, ಗಾಜಿನ ಎಳೆಯಂತಹ ಲೋಳೆ ನೆಲ ಮುಟ್ಟುವುದನ್ನು ಕಂಡ ಮೇಲೆ, ಹಬ್ಬದ ಬೆಳಗ್ಗೆ ಇಂಜೆಕ್ಷನ್ ಆಯಿತು. ಯುಗಾದಿಯ ಹೊತ್ತಿಗೆ ಕೈ ಹಾಕಿ ನೋಡಿದಾಗ, ಚಿವುಟಿದ ಗೋಡೆಯೊಳಗಿಂದ ನೂಲು ಜಾರಿತು.

ಹೋದ ಅಕ್ಟೋಬರಿನ ಮೂರನೆಯ ವಾರದಲ್ಲಿ ಹಸು ಹೆಣ್ಣುಕರು ಹಾಕಿತು. ಕರುವನ್ನು ನೋಡಲು ಹೋದ ನನ್ನನ್ನು ಆಕೆ ಮೊದಲು ಕೊಟ್ಟಿಗೆಗೆ ಕರೆದೊಯ್ಯಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ್ದ, ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಮುಂದೆ ನಿಲ್ಲಿಸಿದರು. ಈದ ದಿನಕ್ಕೆ ಕುಂಕುಮದ ಬೊಟ್ಟು, ಅದರ ಪಕ್ಕದಲ್ಲಿ ಮೊಮ್ಮಗಳ ಅಕ್ಷರದಲ್ಲಿ ‘ಸತ್ತೆ, ಐದು ಗಂಟೆಗೆ ಬಿತ್ತು’ ಎಂದಿತ್ತು. “ಯಾರ್ನೂ ಹತ್ರಕ್ಕೆ ಬಿಡ್ನಿಲ್ಲ ಡಾಕ್ಟ್ರೇ. ಮಣೆ ಹಾಕ್ಕೊಂಡು ಕುಂತಿದ್ದೆ” ಎಂದರು. ಆಮೇಲೆ ಹಾಳೆಗಳನ್ನು ಎತ್ತಿ ಡಿಸೆಂಬರಿನ ಪುಟದಲ್ಲಿ ಒಂದು ಅಂಕಿಯ ಸುತ್ತ ಸುತ್ತಿದ್ದ ಗೆರೆಯನ್ನು ತೋರಿಸಿ, “ಅರವತ್ತು ದಿನ ಇಲ್ಲಿಗ್ ಬತ್ತದೆ. ಅಲ್ಲೀಗಂಟ ನಿಮ್ಮನ್ನೂ ಕರೆಯಾಕಿಲ್ಲ” ಎಂದರು.